ಮಂಗಳೂರಿನ ಅಲೋಶಿಯಸ್ ಚಾಪೆಲ್ಲಿನ ಭಿತ್ತಿಚಿತ್ರಗಳು: ಒಂದು ವೈರಾಗ್ಯಕಥೆಯ ಓದು

ಕರ್ನಾಟಕದ ಭಿತ್ತಿಚಿತ್ರಗಳ ಇತಿಹಾಸವನ್ನು ಹೇಳುವವರು ಸಾಮಾನ್ಯವಾಗಿ ಬಾದಾಮಿಯ ಗುಹೆಯಿಂದ ಹೊರಡುತ್ತಾರೆ. ಅಲ್ಲಿಂದ ಹಂಪೆಯ ವಿರೂಪಾಕ್ಷಾಲಯದ ರಂಗಮಂಟಪ, ಶ್ರೀರಂಗಪಟ್ಟಣದ ದರಿಯಾ ದೌಲತ್, ಶ್ರವಣಬೆಳಗೊಳದ ಜೈನಮಠ, ಮೈಸೂರಿನ ಅರಮನೆಗಳು ಎಂದು ಮುಂದುವರಿದು 19ನೆಯ ಶತಮಾನದ ಅಂತ್ಯಕ್ಕೆ ಬಂದು ನಿಲ್ಲುತ್ತಾರೆ. ಆ ಶತಮಾನದ ಕೊನೆಯ ವರ್ಷದಲ್ಲಿ ಮಂಗಳೂರಿನ ಒಂದು ಗುಡ್ಡದ ಮೇಲೆ, ಗೋಡೆ ಮತ್ತು ಮಾಳಿಗೆಗಳನ್ನು ಒಂದಿಂಚೂ ಬಿಡದಂತೆ ಆವರಿಸಿಕೊಂಡ ಬಹುದೊಡ್ಡ ಚಿತ್ರಸಮೂಹವೊಂದು ರಚಿತವಾಯಿತು ಎಂಬ ಸಂಗತಿ ಈ ಸರಣಿಯಲ್ಲಿ ಬಂದರೆ ಒಂದು ಸಾಲಿನಲ್ಲಿ ಬರುತ್ತದೆ, ಅನೇಕ ವೇಳೆ ಬರುವುದೇ ಇಲ್ಲ. ಇದಕ್ಕೆ ಎರಡು ಕಾರಣಗಳಿರಬಹುದು. ಚಿತ್ರಕಾರನು ಇಟಲಿಯವನು, ಆದ್ದರಿಂದ ಅದು ನಮ್ಮ ಪರಂಪರೆಯದಲ್ಲ ಎಂಬ ಭಾವನೆ ಒಂದು. ಅದು ಇಂದಿಗೂ ಪೂಜೆ ನಡೆಯುವ ಕ್ರೈಸ್ತ ಆರಾಧನಾಲಯ. ಆದ್ದರಿಂದ ಅನ್ಯಮತೀಯ ವಿದ್ವಾಂಸನಿಗೆ ಅಲ್ಲಿ ನೋಡುವ ಕೆಲಸವುಂಟು, ಓದುವ ಕೆಲಸವಿಲ್ಲ ಎಂಬ ಸಂಕೋಚ ಇನ್ನೊಂದು. ಈ ಎರಡನೆಯ ಸಂಕೋಚವೇ ಹೆಚ್ಚು ಹಾನಿಕರವಾದುದು. ವಡ್ಡಾರಾಧನೆಯನ್ನೂ ಆದಿಪುರಾಣವನ್ನೂ ಓದಿದ ಕನ್ನಡ ವಿದ್ಯಾರ್ಥಿಗೆ ಆ ಮಾಳಿಗೆಯ ಕಥೆಯನ್ನು ಓದುವ ಸಲಕರಣೆಗಳು ಆಗಲೇ ಕೈಯಲ್ಲಿವೆ ಎಂಬುದು ನನ್ನ ಅಭಿಪ್ರಾಯ.

ಈ ಮಾತನ್ನು ಕೊಳ್ಳೇಗಾಲದ ಕಡೆಯಿಂದ ಹೇಳುವುದಕ್ಕೆ ಒಂದು ಕಾರಣವಿದೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ವಿರಕ್ತರ ಕಥೆಗಳಿಗೆ ಕೊರತೆಯಿಲ್ಲ. ಆದರೆ ಅವು ಗೋಡೆಯ ಮೇಲೆ ಇಲ್ಲ. ಮಲೆಯ ಮಹದೇಶ್ವರನ ಕಥೆ ಕಂಸಾಳೆಯವರ ಕೊರಳಿನಲ್ಲಿದೆ. ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪ, ಹದಿನಾಡಿನ ಮುದ್ದರಾಜನು 1654ರ ಸುಮಾರಿಗೆ ಕಟ್ಟಿಸಿದುದು, ಕಲ್ಲಿನಲ್ಲಿ ಕಡೆದ ಬಳೆಗಳ ಸರಪಳಿಯಿಂದ ಹೆಸರಾಗಿದೆ. ಅಲ್ಲಿ ಕಥೆಯು ಶಿಲ್ಪವಾಗಿದೆ. ಅದೇ ಯಳಂದೂರಿನ ಮಠದಲ್ಲಿದ್ದ ಷಡಕ್ಷರದೇವನ ರಾಜಶೇಖರವಿಳಾಸವು 1655ರದು. ಅಲ್ಲಿ ಕಥೆಯು ಚಂಪುವಾಗಿದೆ. ಹನೂರು ತಾಲ್ಲೂಕಿನ ಮಾರ್ಟಳ್ಳಿ, ಸಂದನಪಾಳ್ಯದಂತಹ ಊರುಗಳಲ್ಲಿ ತಮಿಳು ಮಾತಾಡುವ ಕಥೋಲಿಕ ಕ್ರೈಸ್ತರು ನೆಲೆಸಿದ್ದಾರೆ. ಈ ಸೀಮೆಯು 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು ಎಂಬುದನ್ನು ನೆನೆದರೆ ಈ ಸಂಬಂಧ ಸಹಜವೆನಿಸುತ್ತದೆ. ತಮಿಳು ಕ್ರೈಸ್ತ ಸಮುದಾಯಗಳಲ್ಲಿ ಸಂತರೂ ಮಾತೆ ಮರಿಯಳೂ ವಿಗ್ರಹರೂಪದಲ್ಲಿ ತೇರೇರಿ ಬೀದಿಗೆ ಬರುವುದು ರೂಢಿ. ಅಲ್ಲಿ ಕಥೆಯು ಉತ್ಸವವಾಗಿದೆ. ಚಿತ್ರವಾಗಿ ಬಿಡಿಸಿದ ಚರ್ಚಿನ ಕಥೆಯನ್ನು, ಅದರಲ್ಲಿಯೂ ಚರ್ಚಿನವರೇ ನಡೆಸುವ ಸಂಗ್ರಹಾಲಯದ ಜೊತೆಗೆ, ಒಂದೇ ಆವರಣದಲ್ಲಿ ನೋಡಬೇಕಾದರೆ ನಮ್ಮವರು ಘಟ್ಟ ಇಳಿದು ಮಂಗಳೂರಿಗೆ ಹೋಗಬೇಕು.

ಮೈಸೂರು ಸೀಮೆಗೆ ಯೇಸುಸಭೆಯವರು ಬಂದುದು ಬಳೆಮಂಟಪದ ಕಾಲದಲ್ಲಿಯೇ. ನೇಪಲ್ಸಿನ ಲಿಯೊನಾರ್ಡೊ ಚಿನ್ನಾಮಿ 1640ರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಬುನಾದಿ ಹಾಕಿದನು. ಕನ್ನಡ ಕಲಿತು ವ್ಯಾಕರಣ, ನಿಘಂಟು, ಧರ್ಮೋಪದೇಶಗಳನ್ನು ಬರೆದನು. ಆ ಕಾಲದ ಯೇಸುಸಭೆಯ ಪಾದ್ರಿಗಳು ಸಂನ್ಯಾಸಿಗಳಂತೆ ಕಾವಿಯುಟ್ಟು, ಮಾಂಸವನ್ನು ವರ್ಜಿಸಿ ಈ ನಾಡಿನಲ್ಲಿ ಸಂಚರಿಸಿದರು. ತ್ಯಾಗಿಯ ವೇಷವಿಲ್ಲದೆ ಇಲ್ಲಿ ಧರ್ಮದ ಮಾತಿಗೆ ಬೆಲೆಯಿಲ್ಲ ಎಂಬುದನ್ನು ಅವರು ಬೇಗ ಅರಿತಿದ್ದರು. 1773ರಲ್ಲಿ ಪೋಪರ ಆಜ್ಞೆಯಂತೆ ಆ ಸಭೆಯೇ ವಿಸರ್ಜಿತವಾಯಿತು. ಮೈಸೂರು ಸೀಮೆಯು ಪ್ಯಾರಿಸ್ಸಿನ ಮಿಷನ್ ಸಂಘಕ್ಕೆ ಹೋಯಿತು. ಆ ಸಂಘದ ಅಬ್ಬೆ ದ್ಯುಬುವಾ ತನ್ನ ಪ್ರಸಿದ್ಧ ಗ್ರಂಥದ ಅನುಬಂಧದಲ್ಲಿ ಜೈನರ ವಿಷಯವನ್ನು ಪ್ರತ್ಯೇಕವಾಗಿ ಬರೆದಿರುವುದನ್ನು ನಮ್ಮ ಸಂಶೋಧಕರು ಬಲ್ಲರು. ಪುನಃಸ್ಥಾಪಿತವಾದ ಯೇಸುಸಭೆಯ ಇಟಲಿ ದೇಶದ ಪಾದ್ರಿಗಳು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಇವರಲ್ಲಿ ಒಬ್ಬನಾದ ಆಂಜೆಲೊ ಮಾಫೇಯಿ ಕೊಂಕಣಿ ವ್ಯಾಕರಣವನ್ನು ಬರೆದನು. 1882ರಲ್ಲಿ ಅದನ್ನು ಅಚ್ಚುಹಾಕಿದವರು ಪ್ರಾಟೆಸ್ಟಂಟರಾದ ಬಾಸೆಲ್ ಮಿಷನ್ನಿನವರು. ಕೇಶಿರಾಜನ ಶಬ್ದಮಣಿದರ್ಪಣವನ್ನು ಕಿಟ್ಟೆಲ್ ಅವರು 1872ರಲ್ಲಿ ಪ್ರಕಟಿಸಿದ್ದೂ ಆ ನಗರದಲ್ಲಿಯೇ. ಒಂದು ಚರ್ಚಿನ ಪಾದ್ರಿಯ ವ್ಯಾಕರಣ, ಇನ್ನೊಂದು ಚರ್ಚಿನ ಮುದ್ರಣಾಲಯ, ಜೈನ ವೈಯಾಕರಣನ ಸೂತ್ರಗಳು: ಒಂದು ದಶಕದ ಅಂತರದಲ್ಲಿ ಇವೆಲ್ಲವೂ ಒಂದೂರಿನಲ್ಲಿ ಕೂಡಿದುವು.

ಗುಡ್ಡದ ಮೇಲಿನ ಕಾಲೇಜಿನ ಪಕ್ಕದಲ್ಲಿ ಚಾಪೆಲ್ 1880ರ ದಶಕದಲ್ಲಿ ಎದ್ದಿತು. ಹೊರಗಿನಿಂದ ನೋಡುವವರಿಗೆ ಅದು ಸಾಧಾರಣವಾದ ಕಟ್ಟಡ. ಒಳಗಿನ ಗೋಡೆಗಳು ಸುಮಾರು ಹದಿನೈದು ವರ್ಷ ಬರಿದಾಗಿದ್ದವು. 1899ರಲ್ಲಿ ಆಂತೋನಿಯೊ ಮೊಸ್ಕೇನಿ ಎಂಬ ಯೇಸುಸಭೆಯ ಸೋದರನನ್ನು ಇಟಲಿಯಿಂದ ಕರೆಸಲಾಯಿತು. ಇವನು 1854ರಲ್ಲಿ ಬೆರ್ಗಮೊ ನಗರದ ಸಮೀಪದ ಸ್ಟೆಜ್ಜಾನೊ ಎಂಬ ಊರಿನಲ್ಲಿ ಹುಟ್ಟಿದವನು. ಬೆರ್ಗಮೊದ ಕರಾರ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತು, ಹಲವು ಚರ್ಚುಗಳಿಗೆ ಚಿತ್ರ ಬರೆದು ಹೆಸರಾಗಿ, 1889ರಲ್ಲಿ ಎಲ್ಲವನ್ನೂ ಬಿಟ್ಟು ಯೇಸುಸಭೆಯನ್ನು ಸೇರಿದನು. ಪಾದ್ರಿಯ ಪದವಿಯಲ್ಲ, ಸೋದರನ ಪದವಿ; ನಮ್ಮ ಪರಿಭಾಷೆಯನ್ನು ಬಳಸಬಹುದಾದರೆ, ಕ್ಷುಲ್ಲಕನ ಸ್ಥಾನದ ಹತ್ತಿರದ್ದು. ರೋಮಿನ ಸಂತ ಇಗ್ನೇಷಿಯಸ್ ಚರ್ಚಿನ ಮಾಳಿಗೆಯನ್ನು ಬರೆದ ಆಂದ್ರೆಯಾ ಪೋಜ್ಜೊ (1642–1709) ಕೂಡ ಅದೇ ಸಭೆಯ ಸೋದರನೇ. ಆ ಚರ್ಚಿನಲ್ಲಿಯೇ ಸಂತ ಅಲೋಶಿಯಸನ ಅವಶೇಷಗಳಿವೆ. ಮೊಸ್ಕೇನಿ ಯಾವ ಪರಂಪರೆಯನ್ನು ಹೆಗಲ ಮೇಲೆ ಹೊತ್ತು ಬಂದನು ಎಂಬುದಕ್ಕೆ ಇಷ್ಟು ಸಾಕು.

ಚಾಪೆಲ್ಲಿನ ಒಳಗೆ ಕಾಲಿಟ್ಟವನ ಕಣ್ಣು ಮೊದಲು ಮೇಲಕ್ಕೇ ಹೋಗುತ್ತದೆ. ಮಾಳಿಗೆಯ ನಡುವಿನ ಫಲಕಗಳಲ್ಲಿ ಅಲೋಶಿಯಸ್ ಗೊನ್ಜಾಗನ ಜೀವನಚರಿತ್ರೆ. ಅದರ ಇಳಿಜಾರಿನ ಭಾಗದಲ್ಲಿ ಅಪೊಸ್ತಲರು, ಅವರ ನಡುವೆ ಹೂಮಾಲೆ ಹಿಡಿದ ದೇವದೂತರು. ಕೆಳಗೆ ಕಮಾನುಗಳ ಮೇಲೆ ಚರ್ಚಿನ ಸಂತರು. ಗೋಡೆಗಳಲ್ಲಿ ಯೇಸುವಿನ ಜೀವನದ ಪ್ರಸಂಗಗಳು. ಹಿಂಬದಿಯ ಗೋಡೆಯಲ್ಲಿ ಮಕ್ಕಳನ್ನು ಹತ್ತಿರಕ್ಕೆ ಕರೆಯುವ ಯೇಸು. ಗೋಡೆಯ ಚಿತ್ರಗಳು ಹಸಿಗಾರೆಯ ಮೇಲಿನ ಫ್ರೆಸ್ಕೊ. ಮಾಳಿಗೆಯ ಮುಖ್ಯ ಫಲಕಗಳು ಬಟ್ಟೆಯ ಮೇಲಿನ ತೈಲವರ್ಣ. ಪ್ರವಾಸಿಗರು ಬಹುತೇಕ ಹತ್ತು ನಿಮಿಷ ಕತ್ತೆತ್ತಿ ನಿಂತು, ಬೆರಗಾಗಿ, ಹೊರಡುತ್ತಾರೆ. ನಾನು ಅಲ್ಲಿ ಕುಳಿತಿದ್ದಷ್ಟು ಹೊತ್ತು ಕಂಡುದು ಇದನ್ನೇ. ಸಮೀಪದ ಅಲೋಶಿಯಂ ಎಂಬ ಸಂಗ್ರಹಾಲಯ 1913ರಲ್ಲಿ ಆರಂಭವಾದುದು. ಖನಿಜಗಳು, ನಾಣ್ಯಗಳು, ಮಂಗಳೂರಿನ ಮೊದಲ ಕಾರೆಂದು ತೋರಿಸಲಾಗುವ ಫ್ರಾನ್ಸಿನ ಡಿ ಡಿಯೋನ್ ವಾಹನ ಮೊದಲಾದವುಗಳಿಂದ ಅದು ಜನರನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಅಲ್ಲಿ ಪ್ರತಿ ವಸ್ತುವಿಗೂ ಚೀಟಿಯಿದೆ. ಚಾಪೆಲ್ಲಿನ ಮಾಳಿಗೆಯನ್ನಾದರೋ ಕಥೆ ತಿಳಿದವನು ಮಾತ್ರ ಓದಬಲ್ಲನು.

ಕಥೆ ಹೀಗಿದೆ. ಅಲೋಶಿಯಸ್ 1568ರಲ್ಲಿ ಇಟಲಿಯ ಕಾಸ್ತಿಲ್ಯೋನೆ ಎಂಬ ಸಂಸ್ಥಾನದ ಪ್ರಭುವಿನ ಹಿರಿಯ ಮಗನಾಗಿ ಹುಟ್ಟಿದನು. ಬಾಲ್ಯದಲ್ಲಿಯೇ ಫ್ಲಾರೆನ್ಸಿನಲ್ಲಿ ಮಾತೆ ಮರಿಯಳ ಮುಂದೆ ಬ್ರಹ್ಮಚರ್ಯದ ಪ್ರತಿಜ್ಞೆ ಮಾಡಿದನು. 1580ರಲ್ಲಿ ಕಾರ್ಡಿನಲ್ ಚಾರ್ಲ್ಸ್ ಬೊರೊಮೆಯೊ ಅವರ ಕೈಯಿಂದ ಮೊದಲ ಪ್ರಸಾದವನ್ನು ಪಡೆದನು. ಸ್ಪೇನಿನ ಅರಮನೆಯಲ್ಲಿ ರಾಜಕುಮಾರನ ಒಡನಾಡಿಯಾಗಿದ್ದಾಗ ಸಂನ್ಯಾಸದ ಬಯಕೆ ಬಲಿಯಿತು. ತಂದೆ ಫೆರಾಂತೆ ಕೆರಳಿದನು. ಮಗನ ಮನಸ್ಸನ್ನು ತಿರುಗಿಸಲೆಂದು ಇಟಲಿಯ ಪ್ರಭುಗಳ ಆಸ್ಥಾನಗಳಿಗೆಲ್ಲ ಅವನನ್ನು ಕಳಿಸಿದನು. ಫಲವಾಗಲಿಲ್ಲ. 1585ರಲ್ಲಿ ಅಲೋಶಿಯಸ್ ತನ್ನ ಹಕ್ಕನ್ನು ತಮ್ಮನಾದ ರೊಡೊಲ್ಫೊನಿಗೆ ಬರೆದುಕೊಟ್ಟು ರೋಮಿಗೆ ಹೋಗಿ ಯೇಸುಸಭೆಯನ್ನು ಸೇರಿದನು. 1591ರಲ್ಲಿ ರೋಮಿನಲ್ಲಿ ಮಾರಿ ಹರಡಿದಾಗ ರೋಗಿಗಳನ್ನು ಹೊತ್ತು ತಂದು ಆರೈಕೆ ಮಾಡುತ್ತಿದ್ದು, ತಾನೂ ಅದೇ ಬೇನೆಗೆ ತುತ್ತಾಗಿ ಜೂನ್ 21ರಂದು ತೀರಿಕೊಂಡನು. ಆಗ ಅವನಿಗೆ ಇಪ್ಪತ್ತಮೂರು ವರ್ಷ.

ಈ ಕಥೆಯ ಮೊದಲ ಮುಕ್ಕಾಲು ಭಾಗವನ್ನು ನಾವು ಬಲ್ಲೆವು. ಸುಮಾರು 10ನೆಯ ಶತಮಾನದ ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯಲ್ಲಿ, ಮಗನು ಮುನಿಯನ್ನು ಕಂಡರೆ ತಪಸ್ಸಿಗೆ ಹೋಗುವನೆಂದು ಆದೇಶವಾಗಿರುವುದರಿಂದ ತಾಯಿ ಯಶೋಭದ್ರೆ ಮನೆಯೊಳಗೆ ಮುನಿಗಳೇ ಕಾಲಿಡದಂತೆ ಮಾಡುತ್ತಾಳೆ. ಮೂವತ್ತೆರಡು ಮಂದಿ ಹೆಂಡಿರ ನಡುವೆ ಮಗನನ್ನು ಇರಿಸುತ್ತಾಳೆ. ಫೆರಾಂತೆಯ ಆಸ್ಥಾನಯಾತ್ರೆಯೂ ಯಶೋಭದ್ರೆಯ ಭೋಗಪ್ರಾಸಾದವೂ ಒಂದೇ ಉಪಾಯದ ಎರಡು ರೂಪಗಳು. ಕಿವಿಗೆ ಬಿದ್ದ ಮುನಿಪಾಠದಿಂದ ಜಾತಿಸ್ಮರನಾದ ಸುಕುಮಾರನು ಬಟ್ಟೆಗಳನ್ನು ಗಂಟಿಕ್ಕಿ ಪ್ರಾಸಾದದಿಂದ ಇಳಿದು ಹೋಗುತ್ತಾನೆ. ಅಲೋಶಿಯಸನು ಕಾನೂನಿನ ಪತ್ರಕ್ಕೆ ರುಜು ಹಾಕಿ ಹೋಗುತ್ತಾನೆ. ಇಟಲಿಯ ಕಥೆಯಲ್ಲಿ ಗೃಹತ್ಯಾಗಕ್ಕೆ ದಸ್ತಾವೇಜು ಬೇಕಾಯಿತು ಎಂಬುದು ಆ ಕಾಲದ ಆಸ್ತಿವ್ಯವಸ್ಥೆಯನ್ನು ಹೇಳುತ್ತದೆ. ಸೋದರನಿಗೆ ರಾಜ್ಯವನ್ನು ಬಿಟ್ಟುಕೊಟ್ಟ ಪ್ರಸಂಗವಂತೂ ಕನ್ನಡಿಗನಿಗೆ ಬಾಹುಬಲಿಯನ್ನು ನೆನಪಿಗೆ ತಾರದೆ ಇರದು. ಆದರೆ ಇಲ್ಲಿ ಎಚ್ಚರ ಅಗತ್ಯ. ಪಂಪನ ಬಾಹುಬಲಿ ಗೆದ್ದವನು. ಗೆದ್ದ ಮೇಲೆ, ಗೆಲುವಿನಲ್ಲಿಯೇ ಹೇಸಿಕೆ ಹುಟ್ಟಿ ಬಿಟ್ಟವನು. ಅಲೋಶಿಯಸನಿಗೆ ಯುದ್ಧವೂ ಇಲ್ಲ, ಗೆಲುವೂ ಇಲ್ಲ. ಅವನ ತ್ಯಾಗದಲ್ಲಿ ಮಾನಕಷಾಯದ ಪ್ರಶ್ನೆಯೇ ಏಳುವುದಿಲ್ಲ. ಆದ್ದರಿಂದ ಚಿತ್ರಕಾರನಿಗೆ ಪಂಪನಿಗೆ ಸಿಕ್ಕಂತಹ ನಾಟಕೀಯ ಕ್ಷಣವೂ ಸಿಗಲಿಲ್ಲ. ಮೊಸ್ಕೇನಿ ಅದನ್ನು ವರ್ಣವೈಭವದಿಂದ, ಉಡುಪುಗಳ ಮಡಿಕೆಗಳಿಂದ ತುಂಬಿದ್ದಾನೆ. ನನಗೆ ಆ ಭಾಗ ಸ್ವಲ್ಪ ಸಪ್ಪೆಯಾಗಿಯೇ ಕಂಡಿತು.

ಅಪೊಸ್ತಲರ ಸಾಲಿನ ವಿಷಯದಲ್ಲಿ ಇನ್ನೊಂದು ಹೋಲಿಕೆ ಹೊಳೆಯುತ್ತದೆ. ಕ್ರೈಸ್ತ ಚಿತ್ರಪರಂಪರೆಯಲ್ಲಿ ಅಪೊಸ್ತಲರನ್ನು ಮುಖದಿಂದ ಗುರುತಿಸುವುದು ಕಷ್ಟ. ಕೈಯಲ್ಲಿನ ಲಾಂಛನದಿಂದ ಗುರುತಿಸಬೇಕು. ಅಂದ್ರೆಯನಿಗೆ ಓರೆಯಾದ ಶಿಲುಬೆ, ಬಾರ್ತೊಲೊಮೆಯನಿಗೆ ಚೂರಿ. ಅಂದ್ರೆಯನನ್ನು ಅಂಥ ಶಿಲುಬೆಗೇ ಏರಿಸಿದರು, ಬಾರ್ತೊಲೊಮೆಯನ ಚರ್ಮವನ್ನು ಚೂರಿಯಿಂದಲೇ ಸುಲಿದರು ಎಂಬುದು ನಂಬಿಕೆ. ನಮ್ಮ ತೀರ್ಥಂಕರರನ್ನೂ ಲಾಂಛನದಿಂದಲೇ ಗುರುತಿಸುತ್ತೇವೆ: ವೃಷಭ, ಗಜ, ಶಂಖ, ಸರ್ಪ, ಸಿಂಹ. ಆದರೆ ತೀರ್ಥಂಕರನ ಲಾಂಛನ ಜನ್ಮದೊಡನೆ ಬಂದುದು. ಜನ್ಮಾಭಿಷೇಕದ ವೇಳೆ ಇಂದ್ರನು ಬಲಗಾಲಿನ ಹೆಬ್ಬೆರಳಿನಲ್ಲಿ ಅದನ್ನು ಕಾಣುತ್ತಾನೆ ಎಂದು ಸಂಪ್ರದಾಯ. ಅಪೊಸ್ತಲನ ಲಾಂಛನ ಅನೇಕ ವೇಳೆ ಮರಣದಿಂದ ಬಂದುದು. ಕೊಂದ ಆಯುಧವೇ ಅವನ ಗುರುತು. ಜೈನರಲ್ಲಿಯೂ ಉಪಸರ್ಗವನ್ನು ಸಹಿಸಿ ಮುಡಿಪಿದವರ ಕಥೆಗಳಿಗೆ ಬರವಿಲ್ಲ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳ ಬಹುಭಾಗ ಅದೇ. ನರಿಯು ಮರಿಗಳೊಡನೆ ಬಂದು ಮೂರು ರಾತ್ರಿ ಸುಕುಮಾರನ ಮೈಯನ್ನು ತಿಂದಿತು. ಆದರೂ ನರಿಯನ್ನು ಯಾರೂ ಸುಕುಮಾರನ ಲಾಂಛನವಾಗಿ ಕೆತ್ತಲಿಲ್ಲ. ನೋವನ್ನು ಕೊಟ್ಟ ಸಾಧನಕ್ಕೆ ಜೈನಕಲೆಯಲ್ಲಿ ಮರ್ಯಾದೆಯಿಲ್ಲ. ನೋವಿನ ನಡುವಿನ ಸಮತೆಗೆ ಮಾತ್ರ ರೂಪ ಸಿಕ್ಕಿತು, ಅದು ಕಾಯೋತ್ಸರ್ಗದ ನಿಲುವು. ಎರಡು ಧರ್ಮಗಳ ಚಿತ್ರಭಾಷೆ ಇಷ್ಟು ಭಿನ್ನವಾಗುವುದು ಇಲ್ಲಿಯೇ ಎಂದು ತೋರುತ್ತದೆ.

ಇನ್ನು ಕಥೆಯ ಕೊನೆಯ ಭಾಗ. ಸುಕುಮಾರನು ಊರಿನಿಂದ ಹೊರಗೆ ಹೋದನು. ಅಲೋಶಿಯಸನು ಊರಿನ ರೋಗಿಗಳ ನಡುವೆ ಹೋದನು. ಇದನ್ನು ಹಿಡಿದು ಜೈನವೈರಾಗ್ಯವು ಲೋಕವಿಮುಖ, ಕ್ರೈಸ್ತವೈರಾಗ್ಯವು ಲೋಕಸೇವಾಪರ ಎಂದು ಸುಲಭವಾಗಿ ಬರೆದುಬಿಡುವವರುಂಟು. ಅದು ಅವಸರದ ಮಾತು. ರೋಗಿಯಾದ ಯತಿಯ ಶುಶ್ರೂಷೆಯಾದ ವೈಯಾವೃತ್ಯವನ್ನು ಜೈನಾಗಮವು ಆರು ಅಂತರಂಗತಪಸ್ಸುಗಳಲ್ಲಿ ಒಂದಾಗಿ ಎಣಿಸುತ್ತದೆ. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಮೂರನೆಯದಾದ ನಿರ್ವಿಚಿಕಿತ್ಸೆ ಎಂದರೆ ಹೇಸದಿರುವಿಕೆ. ಅದಕ್ಕೆ ನಿದರ್ಶನವಾಗಿ ಪರಂಪರೆಯು ಹೇಳುವುದು ಉದ್ದಾಯನ ಮಹಾರಾಜನ ಕಥೆಯನ್ನು. ದೇವನೊಬ್ಬನು ಕೊಳೆತ ಮೈಯ ಮುನಿಯ ರೂಪದಲ್ಲಿ ಬಂದು ಉಂಡು ವಾಂತಿ ಮಾಡಿದಾಗ, ಪರಿಜನರೆಲ್ಲ ಮೂಗು ಮುಚ್ಚಿ ಓಡಿಹೋದರೂ ಅರಸನು ತನ್ನ ಕೈಯಿಂದಲೇ ಮುನಿಯ ಮೈ ತೊಳೆದನು. 1112ರಲ್ಲಿ ಮುಳುಗುಂದದ ನಯಸೇನನು ಧರ್ಮಾಮೃತದಲ್ಲಿ ಈ ಎಂಟು ಅಂಗಗಳನ್ನು ಕಥೆಗಳ ಮೂಲಕವೇ ಕನ್ನಡಿಗರಿಗೆ ಬಿತ್ತರಿಸಿದನು. ಭೇದವಿರುವುದು ಸೇವೆ ಇದೆಯೇ ಇಲ್ಲವೇ ಎಂಬುದರಲ್ಲಲ್ಲ, ಯಾರಿಗೆ ಎಂಬುದರಲ್ಲಿ. ಉದ್ದಾಯನನು ತೊಳೆದುದು ಮುನಿಯ ಮೈಯನ್ನು. ಅಲೋಶಿಯಸನು ಹೊತ್ತುದು ಹೆಸರಿಲ್ಲದ ಬಡವನನ್ನು. ಈ ವ್ಯತ್ಯಾಸವನ್ನು ಮುಚ್ಚಿಡುವುದೂ ಪ್ರಾಮಾಣಿಕವಲ್ಲ.

ಈ ಫಲಕಗಳು ರೂಪುಗೊಂಡ ವರ್ಷಗಳನ್ನು ನೋಡಿದರೆ ವಿಷಯ ಬೇರೊಂದು ಗಾಂಭೀರ್ಯವನ್ನು ಪಡೆಯುತ್ತದೆ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂದಿತು; ಜನ ಊರು ಬಿಟ್ಟರು, ಹಳೆಯ ಮೈಸೂರು ಸೀಮೆಯಲ್ಲಿ ಪ್ಲೇಗಮ್ಮನ ಗುಡಿಗಳು ಹುಟ್ಟಿದವು. ಮೊಸ್ಕೇನಿ ಮಂಗಳೂರಿಗೆ ಬಂದುದು ಮರುವರ್ಷ. ರೋಮಿನ 1591ರ ಮಾರಿಯ ಕಥೆ ಹೇಳುವ ಚಾಪೆಲ್ಲಿನಲ್ಲಿ ಅವನು ಕುಂಚ ಹಿಡಿದಿದ್ದಾಗ, ಅದನ್ನು ನೋಡಲು ಬರುವವರಿಗೆ ಪ್ಲೇಗು ದೂರದೇಶದ ಹಳೆಯ ಸಮಾಚಾರವಾಗಿರಲಿಲ್ಲ. ಅಸ್ಪೃಶ್ಯನೆನಿಸಿದ ರೋಗಿಯನ್ನು ಎತ್ತಿಕೊಳ್ಳುವ ಯುವಕನ ಕಥೆಯನ್ನು ಕಾಲೇಜಿನ ಹುಡುಗರ ನೆತ್ತಿಯ ಮೇಲೆ ಹರಡುವುದಕ್ಕೆ ಆ ವರ್ಷಗಳಲ್ಲಿ ಬೇರೆಯೇ ಅರ್ಥವಿತ್ತು. ಕಲಾವಿಮರ್ಶಕರು ಈ ಚಿತ್ರಗಳ ಇಟಾಲಿಯನ್ ಶೈಲಿಯನ್ನು ಕುರಿತು ಬರೆದಿದ್ದಾರೆ. ಅವುಗಳ ಸಮಕಾಲೀನತೆಯನ್ನು ಕುರಿತು ಬರೆದುದು ನನ್ನ ಕಣ್ಣಿಗೆ ಬಿದ್ದಿಲ್ಲ.

ಶೈಲಿಯ ವಿಷಯದಲ್ಲಿ ಶ್ರವಣಬೆಳಗೊಳದ ಮಠದ ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಪಾರ್ಶ್ವನಾಥನ ಸಮವಸರಣವಿದೆ, ಭರತಚಕ್ರವರ್ತಿಯ ಹಾಗೂ ನಾಗಕುಮಾರನ ಚರಿತ್ರೆಗಳಿವೆ, ಒಂದೇ ಮರದ ಹಣ್ಣಿಗಾಗಿ ಬಂದ ಆರು ಮಂದಿಯ ಮೂಲಕ ಆರು ಲೇಶ್ಯೆಗಳನ್ನು ತೋರುವ ಫಲಕವಿದೆ. ಜೊತೆಗೆ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರೂ ಇದೆ. ಮಠದ ಚಿತ್ರಗಾರನು ಪುರಾಣಪುರುಷರ ಪಕ್ಕದಲ್ಲಿ ತನ್ನ ಕಾಲದ ಮೈಸೂರನ್ನು ನಿಸ್ಸಂಕೋಚವಾಗಿ ಕೂರಿಸಿದನು. ಮೊಸ್ಕೇನಿಯ ಮಾಳಿಗೆಯ ಮುಖ್ಯ ಫಲಕಗಳಲ್ಲಿ ತುಳುನಾಡಿನ ಒಂದು ತೆಂಗಿನ ಮರವೂ ಇಲ್ಲ. ಇದ್ದುದು ಲೊಂಬಾರ್ಡಿ, ಫ್ಲಾರೆನ್ಸ್, ರೋಮ್. ಕಾವಿಯುಟ್ಟು ಬಂದ ಚಿನ್ನಾಮಿಯ ಸಭೆಯೇ ಎರಡೂವರೆ ಶತಮಾನಗಳ ತರುವಾಯ ಇಟಲಿಯನ್ನು ಇಟಲಿಯಾಗಿಯೇ ತಂದು ನಿಲ್ಲಿಸಿತು. ಆ ನಡುವೆ ಇಂಗ್ಲಿಷರ ಆಳ್ವಿಕೆ ಬಂದು ನೆಲೆಯೂರಿತ್ತು. ಪರಕೀಯತೆಯನ್ನು ಮರೆಮಾಡುವ ಅಗತ್ಯ ಆಗ ಉಳಿದಿರಲಿಲ್ಲ.

ಆದರೆ ಬಾಳಿಕೆಯಲ್ಲಿ ಮಂಗಳೂರಿನದು ಮೇಲುಗೈ. ಫ್ರೆಸ್ಕೊ ಪದ್ಧತಿಯಲ್ಲಿ ಸುಣ್ಣದ ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚುತ್ತಾರೆ. ಸುಣ್ಣವು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುವಾಗ ಬಣ್ಣವು ಅದರೊಳಗೇ ಸೆರೆಯಾಗುತ್ತದೆ. ಒಂದು ದಿನದಲ್ಲಿ ಬರೆಯಬಲ್ಲಷ್ಟೇ ಗಾರೆಯನ್ನು ಮೆತ್ತಬೇಕು; ತಪ್ಪಿದರೆ ಕೆತ್ತಿ ತೆಗೆಯಬೇಕು. ನಮ್ಮ ದಕ್ಷಿಣದ ಭಿತ್ತಿಚಿತ್ರಗಳಾದರೋ ಬಹುಮಟ್ಟಿಗೆ ಒಣಗಿದ ಗಾರೆಯ ಮೇಲೆ ಅಂಟು ಬೆರೆಸಿದ ಬಣ್ಣದಿಂದ ಬರೆದವು. ತಿದ್ದಲು ಅನುಕೂಲ, ಸಣ್ಣ ರೇಖೆಗೆ ಅನುಕೂಲ. ತೇವ ತಗಲಿದರೆ ಹಕ್ಕಳೆಯೇಳುತ್ತವೆ. ಹಾಗೆಂದು ಮಂಗಳೂರಿನ ಚಿತ್ರಗಳು ತಾವಾಗಿಯೇ ಉಳಿದುವೆಂದಲ್ಲ. ಕರಾವಳಿಯ ಮಳೆಯೂ ಉಪ್ಪುಗಾಳಿಯೂ ಅವುಗಳನ್ನು ಕೆಡಿಸಿದ್ದವು. 1990ರ ದಶಕದ ಆರಂಭದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ವರ್ಷಗಟ್ಟಲೆ ದುಡಿದು ಅವುಗಳನ್ನು ಶುದ್ಧಗೊಳಿಸಿದರು. ಪೂಜೆ ನಡೆಯುವ ಸ್ಥಳದಲ್ಲಿಯೇ ತಜ್ಞರಿಗೆ ಎಡೆ ಮಾಡಿಕೊಟ್ಟ ಆ ಸಂಸ್ಥೆಯ ವಿವೇಕವನ್ನು ನಾವು ಗಮನಿಸಬೇಕು. ನಮ್ಮ ಎಷ್ಟೋ ಬಸದಿಗಳಲ್ಲಿ, ದೇವಾಲಯಗಳಲ್ಲಿ ಜೀರ್ಣೋದ್ಧಾರವೆಂದರೆ ಮೊದಲು ಸುಣ್ಣ, ಆಮೇಲೆ ಎಣ್ಣೆಬಣ್ಣ, ಈಚೆಗೆ ನುಣುಪಾದ ಟೈಲ್ಸು. ಭಕ್ತಿಯಿಂದಲೇ ಆಗುವ ಈ ನಾಶವನ್ನು ತಡೆಯುವ ಕಾನೂನು ರಕ್ಷಿತ ಸ್ಮಾರಕಗಳ ಬೇಲಿಯಾಚೆಗೆ ಬರುವುದಿಲ್ಲ. ಯಳಂದೂರಿನ ಬಳೆಮಂಟಪ ಕಲ್ಲಿನದಾದ್ದರಿಂದ ಉಳಿಯಿತು. ಆ ಕಾಲದ ಗೋಡೆಗಳ ಮೇಲೆ ಏನು ಬರೆದಿತ್ತೆಂದು ತಿಳಿಯುವ ದಾರಿ ಮುಚ್ಚಿಹೋಗಿದೆ.

ಮೊಸ್ಕೇನಿ ಮಂಗಳೂರಿನ ಕೆಲಸ ಮುಗಿಸಿ ಇಟಲಿಗೆ ಮರಳಲಿಲ್ಲ. ಕೇರಳದ ಕಡೆಯಿಂದ ಕರೆ ಬಂದಿತು. ಕೊಚ್ಚಿಯ ಸಾಂತಾಕ್ರೂಜ್ ಚರ್ಚಿನಲ್ಲಿ ಲಿಯೊನಾರ್ಡೊನ ಮಾದರಿಯನ್ನು ಅನುಸರಿಸಿದ ಕಡೆಯ ಭೋಜನದ ಚಿತ್ರವನ್ನೂ ಇತರ ಫಲಕಗಳನ್ನೂ ಬರೆಯುತ್ತಿದ್ದಾಗ ಅವನಿಗೆ ಆಮಶಂಕೆಯ ಬೇನೆ ತಗಲಿತು. 1905ರ ನವೆಂಬರಿನಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡನು. ಆ ಚರ್ಚಿನ ಪ್ರತಿಷ್ಠಾಪನೆ ನಡೆದುದು ಅದೇ ತಿಂಗಳ 19ರಂದು, ಅವನು ಸತ್ತ ಕೆಲವೇ ದಿನಗಳ ಮೇಲೆ.